ಹತ್ತು ವರ್ಷದ ಲೇಖಕಿ, ಹತ್ತು ದಿನದ ತಾಯಿ: ತ್ರಿವೇಣಿ

ನಮ್ಮ ಮಹಿಳಾ ವೇದಿಕೆಯ ಇ-ಸ್ಮರಣ ಸಂಚಿಕೆಗೆ ಕನ್ನಡದ ಒಬ್ಬ ಲೇಖಕಿಯ ಬದುಕಿನ ಬಗ್ಗೆ ಬರೆದುಕೊಡಬೇಕೆಂದು ಕೇಳಿದಾಗ ಯಾರ ಬಗ್ಗೆ ಎಂದು ನಾನು ಹೆಚ್ಚು ಯೋಚಿಸಲಿಲ್ಲ. ನನ್ನ ಮಗಳಿಗೆ ಈಗ ಹನ್ನೊಂದು ತಿಂಗಳು. ಎಂ.ಟೆಕ್ ಮುಗಿಸಿ ಹೈದರಾಬಾದಿಗೆ ಬಂದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವಳು ನಾನು. ಕಥೆ ಬರೆಯುವ ಹುಚ್ಚು ಹತ್ತಿದ್ದು ಈಚೆಗೆ, ಮೂರು ನಾಲ್ಕು ವರ್ಷಗಳಿಂದ. ಮಗು ಹುಟ್ಟಿದ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಆಫೀಸು, ಮಗು, ಬರವಣಿಗೆ ಎಲ್ಲವನ್ನೂ ಹೇಗೆ ನಿಭಾಯಿಸುತ್ತೀಯ ಅಂತ. ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನೆನಪಾಗುವವರು ತ್ರಿವೇಣಿ. ತಾಯ್ತನವನ್ನೂ ಬರವಣಿಗೆಯನ್ನೂ ಒಟ್ಟಿಗೆ ನಿಭಾಯಿಸುವ ಅವಕಾಶ ಅವರಿಗೆ ಸಿಕ್ಕಿದ್ದು ಕೇವಲ ಹತ್ತು ದಿನ. ಆದರೆ ಹೊಸ ತಾಯಿಯ ಮನಸ್ಸಿನ ಬಗ್ಗೆ ಅವರಷ್ಟು ಧೈರ್ಯವಾಗಿ ಬರೆದವರು ಆ ಕಾಲದಲ್ಲಿ ಬಹಳ ಕಡಿಮೆ.

ನಮ್ಮಲ್ಲಿ ಬಹುತೇಕರಿಗೆ ತ್ರಿವೇಣಿ ಪರಿಚಯವಾದದ್ದು ಸಿನಿಮಾಗಳಿಂದ. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’, ‘ಹೂವು ಹಣ್ಣು’ ಎಂದರೆ ಅಮ್ಮನ ವಯಸ್ಸಿನವರ ಕಣ್ಣು ಈಗಲೂ ಅರಳುತ್ತದೆ. ಈ ಸಿನಿಮಾಗಳೆಲ್ಲ ಬಂದದ್ದು ತ್ರಿವೇಣಿ ತೀರಿಕೊಂಡ ಮೇಲೆ. ತಮ್ಮ ಕಾದಂಬರಿ ತೆರೆಯ ಮೇಲೆ ಜನರನ್ನು ಅಳಿಸುವುದನ್ನು ಅವರು ನೋಡಲೇ ಇಲ್ಲ.

ಭಾಗೀರಥಿ, ಅನಸೂಯ, ತ್ರಿವೇಣಿ

ತ್ರಿವೇಣಿ ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು. ತಂದೆ ಬಿ.ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ಮನೆಯಲ್ಲಿ ಇಟ್ಟ ಹೆಸರು ಭಾಗೀರಥಿ, ಶಾಲೆಯಲ್ಲಿ ಅನಸೂಯ, ಮದುವೆಯಾದ ಮೇಲೆ ಅನಸೂಯಾ ಶಂಕರ್. ಓದುಗರಿಗೆ ಮಾತ್ರ ತ್ರಿವೇಣಿ. ಒಬ್ಬ ಹೆಣ್ಣುಮಗಳಿಗೆ ಎಷ್ಟು ಹೆಸರುಗಳು! ಬೇರೆಯವರು ಇಟ್ಟ ಹೆಸರುಗಳ ನಡುವೆ ಬರವಣಿಗೆಯ ಹೆಸರೇ ಕೊನೆಗೆ ಉಳಿಯಿತು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಅದು ಅಕ್ಷರದ ಮನೆತನ. ಕನ್ನಡದ ಕಣ್ವ ಎಂದು ಹೆಸರಾದ ಬಿ.ಎಂ. ಶ್ರೀಕಂಠಯ್ಯನವರು ಅವರಿಗೆ ದೊಡ್ಡಪ್ಪನಾಗಬೇಕು. ಕಾದಂಬರಿಕಾರ್ತಿ ವಾಣಿ ಅದೇ ಕುಟುಂಬದವರು. ತ್ರಿವೇಣಿಯವರ ತಂಗಿ ಆರ್ಯಾಂಬ ಪಟ್ಟಾಭಿ ಕೂಡ ಮುಂದೆ ಲೇಖಕಿಯಾದರು. ಮನೆಯಲ್ಲಿ ಪುಸ್ತಕ ಇತ್ತು, ಓದುವವರಿದ್ದರು, ಹೆಣ್ಣುಮಕ್ಕಳು ಓದಿದರೆ ಅಡ್ಡಿಯಿಲ್ಲ ಎನ್ನುವ ವಾತಾವರಣವಿತ್ತು. ಇಷ್ಟೆಲ್ಲ ಇದ್ದರೂ 1940ರ ದಶಕದಲ್ಲಿ ಹೆಣ್ಣುಮಗಳೊಬ್ಬಳು ಪದವಿ ಮುಗಿಸುವುದು ಸಣ್ಣ ಮಾತಲ್ಲ. ಅನಸೂಯ ಮೈಸೂರಿನಲ್ಲಿ ಬಿ.ಎ. ಓದಿದರು. ಮನಃಶಾಸ್ತ್ರ ಅವರ ವಿಷಯ, ಅದರಲ್ಲಿ ಚಿನ್ನದ ಪದಕ ಬಂತು.

ಈ ಮನಃಶಾಸ್ತ್ರವೇ ಅವರ ಬರವಣಿಗೆಯ ಬೇರು. ಆವರೆಗೆ ನಮ್ಮ ಕಥೆಗಳಲ್ಲಿ ಹೆಣ್ಣಿನ ಕಷ್ಟ ಎಂದರೆ ಬಡತನ, ವೈಧವ್ಯ, ಅತ್ತೆಯ ಕಾಟ, ಗಂಡನ ಕೆಟ್ಟ ಚಟ. ಇವೆಲ್ಲ ತ್ರಿವೇಣಿಯಲ್ಲೂ ಇವೆ. ಆದರೆ ಅವರು ಅಲ್ಲಿಗೇ ನಿಲ್ಲುವುದಿಲ್ಲ. ಇಷ್ಟು ಕಷ್ಟ ಅನುಭವಿಸಿದವಳ ಮನಸ್ಸಿನೊಳಗೆ ಏನಾಗುತ್ತದೆ, ಅದು ಯಾವಾಗ ಮುರಿಯುತ್ತದೆ, ಮುರಿದದ್ದು ಸರಿಹೋಗುತ್ತದೆಯೇ ಎಂದು ಕೇಳುತ್ತಾರೆ. ಹಳೆಯ ಕಾಲದಲ್ಲಿ ದೆವ್ವ, ಗ್ರಹಚಾರ, ಪೂರ್ವಜನ್ಮದ ಕರ್ಮ ಎಂದು ತಳ್ಳಿಹಾಕುತ್ತಿದ್ದುದನ್ನು ಅವರು ಕಾಯಿಲೆ ಎಂದು ಕರೆದರು. ಕಾಯಿಲೆ ಎಂದಮೇಲೆ ಅದಕ್ಕೆ ಔಷಧಿ ಇರಬೇಕು, ವೈದ್ಯರಿರಬೇಕು, ಗುಣವಾಗಿ ಮನೆಗೆ ಬರುವ ದಾರಿಯೂ ಇರಬೇಕು.

ಹತ್ತು ವರ್ಷದಲ್ಲಿ ಇಪ್ಪತ್ತು ಕಾದಂಬರಿ

ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ಮದುವೆಯಾದ ಮೇಲೆ ತ್ರಿವೇಣಿಯವರ ಬದುಕು ಮೈಸೂರಿನ ಚಾಮರಾಜಪುರಂನಲ್ಲಿ ಸಾಗಿತು. ಅವರ ಕಾದಂಬರಿಗಳು ಬರತೊಡಗಿದ್ದು 1953ರ ಹೊತ್ತಿಗೆ. 1963ಕ್ಕೆ ಅವರು ಇರಲಿಲ್ಲ. ಈ ಹತ್ತು ವರ್ಷಗಳಲ್ಲಿ ಸುಮಾರು 20 ಕಾದಂಬರಿಗಳು, ಜೊತೆಗೆ ‘ಎರಡು ಮನಸ್ಸು’, ‘ಹೆಂಡತಿಯ ಹೆಸರು’, ‘ಸಮಸ್ಯೆಯ ಮಗು’ ಎಂಬ 3 ಕಥಾ ಸಂಕಲನಗಳು. ಲೆಕ್ಕ ಹಾಕಿ ನೋಡಿ, ವರ್ಷಕ್ಕೆ ಎರಡು ಕಾದಂಬರಿ! ಅದೂ ಕೈಬರಹದಲ್ಲಿ. ಅವರ ಆರೋಗ್ಯವೂ ಅಷ್ಟಕ್ಕಷ್ಟೆ. ಅಸ್ತಮಾ ಅವರನ್ನು ಬಹಳ ಕಾಡಿತು. ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪ್ ಮಾಡಿ, ತಪ್ಪಾದರೆ ಒಂದು ಕೀ ಒತ್ತಿ ಅಳಿಸುವ ನಮಗೆ ಈ ಶ್ರಮ ಊಹೆಗೂ ನಿಲುಕದ್ದು.

ಅವರ ಕಾದಂಬರಿಗಳನ್ನು ಮಗು ಹುಟ್ಟಿದ ಮೇಲೆ ಮತ್ತೆ ಓದಿದಾಗ ನನಗೆ ಒಂದು ವಿಷಯ ಹೊಳೆಯಿತು. ಎಷ್ಟೋ ಕಾದಂಬರಿಗಳ ನಡುಮಧ್ಯೆ ಒಬ್ಬ ತಾಯಿ ಇಲ್ಲವೇ ಒಂದು ಮಗು ಇದೆ. ‘ಹೂವು ಹಣ್ಣು’ ಕಾದಂಬರಿಯ ಹೆಂಗಸು ಗಂಡನಿಲ್ಲದೆ, ದಿಕ್ಕಿಲ್ಲದೆ ಮಗಳನ್ನು ಸಾಕಲು ಸಮಾಜ ಒಪ್ಪದ ದಾರಿ ಹಿಡಿಯಬೇಕಾಗುತ್ತದೆ. ‘ಬೆಕ್ಕಿನ ಕಣ್ಣು’ ಕಾದಂಬರಿಯಲ್ಲಿ ಮಲತಾಯಿಯ ಕಾಟದಿಂದ ಒಂದು ಹುಡುಗಿಯ ಮನಸ್ಸು ಹೇಗೆ ಬಾಡುತ್ತದೆ ಎಂಬುದಿದೆ. ‘ಬೆಳ್ಳಿಮೋಡ’ದಲ್ಲಿ ಒಬ್ಬಳೇ ಮಗಳಾಗಿ ಬೆಳೆದ ಇಂದಿರೆಗೆ ಬಹಳ ತಡವಾಗಿ ತಮ್ಮ ಹುಟ್ಟುತ್ತಾನೆ. ಆಸ್ತಿ ತನಗೆ ಬರುವುದಿಲ್ಲ ಎಂದು ತಿಳಿದ ಹುಡುಗ, ಅವಳ ತಂದೆಯ ಹಣದಲ್ಲೇ ಹೊರದೇಶಕ್ಕೆ ಹೋಗಿ ಓದಿ ಬಂದವನು, ಮದುವೆಗೆ ಬೆನ್ನು ತಿರುಗಿಸುತ್ತಾನೆ. ಮುಂದೆ ಅವನೇ ಮನಸ್ಸು ಬದಲಿಸಿ ಬಂದಾಗ ಇಂದಿರೆ ಒಪ್ಪುವುದಿಲ್ಲ. ಎಳೆಯ ತಮ್ಮನ ಮೇಲೆ ಅವಳು ಸಿಟ್ಟು ತೀರಿಸಿಕೊಳ್ಳುವುದೂ ಇಲ್ಲ. 1950ರ ದಶಕದ ಓದುಗರಿಗೆ ಬೇಡ ಎಂದು ಹೇಳುವ ನಾಯಕಿ ಎಷ್ಟು ಹೊಸಬಳಾಗಿ ಕಂಡಿರಬೇಕು!

ಮನೆಯಲ್ಲಿ ಕೂತು ಕಾದಂಬರಿ ಓದುವ ಹೆಂಗಸರ ಒಂದು ದೊಡ್ಡ ಬಳಗವೇ ಆಗ ಬೆಳೆಯುತ್ತಿತ್ತು. ವಿಮರ್ಶಕರಲ್ಲಿ ಕೆಲವರು ಲೇಖಕಿಯರ ಕಾದಂಬರಿಗಳನ್ನು ಅಡುಗೆಮನೆ ಸಾಹಿತ್ಯ ಎಂದು ಹಗುರವಾಗಿ ಕಂಡದ್ದೂ ಉಂಟು. ಅಡುಗೆಮನೆಯಲ್ಲಿ ಏನೇನು ನಡೆಯುತ್ತದೆ ಎಂದು ಬಲ್ಲವರಿಗೆ ಅದು ಬೈಗುಳವಲ್ಲ. ಒಬ್ಬಳು ಹೆಂಗಸಿಗೆ ಬುದ್ಧಿ ಸ್ಥಿಮಿತ ತಪ್ಪಿದೆ ಎಂದು ಮೊದಲು ಪಿಸುಗುಟ್ಟುವುದೂ ಅಲ್ಲೇ, ಅವಳ ಪಕ್ಕದಲ್ಲಿ ಕೂತು ಒಂದು ಲೋಟ ಕಾಫಿ ಕೊಟ್ಟು ಸಮಾಧಾನ ಮಾಡುವುದೂ ಅಲ್ಲೇ.

ಶರಪಂಜರದ ಕಾವೇರಿ

ನಮ್ಮ ಅಜ್ಜಿಯರ ಬಾಯಲ್ಲಿ ಬಾಣಂತಿ ಸನ್ನಿ ಎಂಬ ಮಾತಿತ್ತು. ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆ ಬಿಟ್ಟು, ಏನೇನೋ ಮಾತಾಡಿ, ಮಗುವನ್ನೇ ಗುರುತಿಸದೆ ಹೋಗುವ ಸ್ಥಿತಿ ಅದು. ಕಿವಿಗೆ ಹತ್ತಿ ಇಟ್ಟುಕೋ, ತಣ್ಣೀರು ಮುಟ್ಟಬೇಡ, ಒಬ್ಬಳೇ ಇರಬೇಡ ಎನ್ನುವ ಬಾಣಂತನದ ಎಷ್ಟೋ ಕಟ್ಟುಪಾಡುಗಳ ಹಿಂದೆ ಈ ಭಯವಿತ್ತು. ಎಲ್ಲರಿಗೂ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಮಾತಾಡದ ವಿಷಯ. ತ್ರಿವೇಣಿ ಅದನ್ನೇ ಒಂದು ಪೂರ್ತಿ ಕಾದಂಬರಿಯ ವಸ್ತುವಾಗಿ ಆರಿಸಿಕೊಂಡರು. ಅದೇ ‘ಶರಪಂಜರ’.

ಕಾವೇರಿ ಚೆಲುವೆ, ಓದಿದವಳು, ಪ್ರೀತಿಸುವ ಗಂಡನಿದ್ದಾನೆ. ಎರಡನೆಯ ಹೆರಿಗೆಯ ನಂತರ ಅವಳ ಮನಸ್ಸು ಕೆಡುತ್ತದೆ. ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ, ಚಿಕಿತ್ಸೆ ಕೊಡಿಸುತ್ತಾರೆ, ಅವಳು ಗುಣವಾಗುತ್ತಾಳೆ. ಬೇರೆ ಯಾರಾದರೂ ಬರೆದಿದ್ದರೆ ಕಥೆ ಇಲ್ಲಿಗೆ ಸುಖವಾಗಿ ಮುಗಿಯುತ್ತಿತ್ತೇನೋ. ತ್ರಿವೇಣಿಯವರ ಕಥೆಗೆ ನಿಜವಾದ ಬಿಸಿ ಹತ್ತುವುದೇ ಇಲ್ಲಿಂದ. ಮನೆಗೆ ಬಂದ ಕಾವೇರಿಯನ್ನು ಯಾರೂ ನಂಬುವುದಿಲ್ಲ. ಜೋರಾಗಿ ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ, ಸಿಟ್ಟು ಬಂದರಂತೂ ಕೇಳುವುದೇ ಬೇಡ. ನೆರೆಹೊರೆಯವರ ನೋಟ ಬದಲಾಗಿದೆ. ಗಂಡ ದೂರ ಸರಿದು ಇನ್ನೊಬ್ಬಳ ಕಡೆ ವಾಲಿದ್ದಾನೆ. ಕಾಯಿಲೆಯಿಂದ ಎದ್ದು ಬಂದವಳನ್ನು ಮನೆಯವರ ಅಪನಂಬಿಕೆಯೇ ಮತ್ತೆ ಕಾಯಿಲೆಗೆ ನೂಕುತ್ತದೆ. ಒಂದು ಬಾಣ ನಾಟಿದರೆ ಕೀಳಬಹುದು. ಸುತ್ತಲೂ ಬಾಣಗಳೇ ನೆಟ್ಟು ಪಂಜರವಾದರೆ ಅದರೊಳಗೆ ಅಲುಗಾಡಲೂ ಆಗುವುದಿಲ್ಲ.

1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದರು. ಕಾವೇರಿಯಾಗಿ ಕಲ್ಪನಾ ಮಾಡಿದ ಅಭಿನಯವನ್ನು ಕನ್ನಡಿಗರು ಮರೆಯುವಂತಿಲ್ಲ. ನಮ್ಮ ಹೈದರಾಬಾದಿಗೂ ಈ ಕಥೆಗೂ ಒಂದು ನಂಟಿದೆ. 1974ರಲ್ಲಿ ಇದೇ ಕಥೆ ‘ಕೃಷ್ಣವೇಣಿ’ ಎಂಬ ಹೆಸರಿನಲ್ಲಿ ತೆಲುಗಿನಲ್ಲಿ ಬಂತು. ವಾಣಿಶ್ರೀ ನಾಯಕಿ. ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿರುವ ತೆಲುಗು ಅತ್ತಯ್ಯ ಒಬ್ಬರು ನನ್ನ ಮಗಳನ್ನು ಎತ್ತಿಕೊಳ್ಳಲು ದಿನಾ ಸಂಜೆ ಬರುತ್ತಾರೆ. ಯದ್ದನಪೂಡಿ ಸುಲೋಚನಾರಾಣಿ ಕಾದಂಬರಿಗಳನ್ನು ಒಂದೂ ಬಿಡದೆ ಓದಿದವರು. ನಾನು ಈ ಲೇಖನಕ್ಕಾಗಿ ಓದುತ್ತಿದ್ದ ಪುಸ್ತಕ ಯಾವುದೆಂದು ವಿಚಾರಿಸಿದರು. ಕಥೆ ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ಅವರೇ ಹೇಳಿ ಮುಗಿಸಿದರು! ‘ಕೃಷ್ಣವೇಣಿ’ಯ ಮೂಲ ಮೈಸೂರಿನ ಒಬ್ಬ ಹೆಣ್ಣುಮಗಳು ಬರೆದ ಕನ್ನಡ ಕಾದಂಬರಿ ಎಂದು ಅವರಿಗೆ ಆವತ್ತೇ ಗೊತ್ತಾದದ್ದು. ಆ ಸಿನಿಮಾ ನೋಡಿ ಬಂದ ರಾತ್ರಿ ತಮಗೆ ನಿದ್ದೆ ಬಂದಿರಲಿಲ್ಲ ಎಂದೂ ಹೇಳಿದರು. ಆಗ ಅವರೂ ಎಳೆ ಬಾಣಂತಿಯಂತೆ.

ಹತ್ತು ದಿನ

ತ್ರಿವೇಣಿ ತಾಯಿಯಾಗಬೇಕೆಂದು ಬಹಳ ಹಂಬಲಿಸಿದವರು. ಗರ್ಭ ನಿಲ್ಲದೆ ನೊಂದವರು. ಕೊನೆಗೂ 1963ರ ಜುಲೈನಲ್ಲಿ ಹೆಣ್ಣುಮಗು ಹುಟ್ಟಿತು. ಹೆರಿಗೆಯಾಗಿ ಹತ್ತು ದಿನಕ್ಕೆ, ಜುಲೈ 29ರಂದು, ತ್ರಿವೇಣಿ ತೀರಿಕೊಂಡರು. ಆಗಿನ್ನೂ ಅವರಿಗೆ ಮೂವತ್ತೈದು ತುಂಬಿರಲಿಲ್ಲ.

ಅವರು ಅರ್ಧಕ್ಕೆ ಬಿಟ್ಟುಹೋದ ಕಾದಂಬರಿಯ ಹೆಸರು ‘ಅವಳ ಮಗಳು’. ಮುಂದೆ ಅದನ್ನು ಎಂ.ಸಿ. ಪದ್ಮಾ ಪೂರ್ತಿ ಮಾಡಿದರು. ಈ ಎರಡು ವಾಕ್ಯ ಬರೆಯುವಾಗ ನಾನು ಎದ್ದು ಹೋಗಿ ತೊಟ್ಟಿಲನ್ನು ಒಮ್ಮೆ ನೋಡಿ ಬಂದೆ. ಹೆಚ್ಚೇನೂ ಹೇಳಲಾರೆ. ಒಂದು ಮಗಳು ತಾಯಿಯಿಲ್ಲದೆ ಬೆಳೆದಳು. ‘ಅವಳ ಮಗಳು’ ಇನ್ನೊಬ್ಬ ಲೇಖಕಿಯ ಕೈಯಲ್ಲಿ ಮುಗಿಯಿತು. ಎರಡಕ್ಕೂ ಬೇರೆ ಹೆಂಗಸರ ಕೈ ಆಸರೆಯಾಯಿತು. ತ್ರಿವೇಣಿ ಬಾಳಿದ ಚಾಮರಾಜಪುರಂನ ಮನೆ ಇಂದು ಅವರ ನೆನಪಿನ ಸಂಗ್ರಹಾಲಯವಾಗಿದೆ. ಮುಂದಿನ ಸಲ ಮೈಸೂರಿಗೆ ಹೋದಾಗ ಅರಮನೆ, ಮೃಗಾಲಯದ ಜೊತೆ ಅದನ್ನೂ ನೋಡುವ ಆಸೆ ನನಗಿದೆ.

ಬರೆಯಲು ಸರಿಯಾದ ಕಾಲ ಯಾವುದು?

ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ಬರೆಯಬಹುದು. ಇದು ನಮ್ಮ ಹಿತೈಷಿಗಳೆಲ್ಲ ಹೇಳುವ ಮಾತು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನಮ್ಮ ಲೇಖಕಿಯರ ಬದುಕನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿ. 1912ರಲ್ಲಿ ಹುಟ್ಟಿದ ಕೊಡಗಿನ ಗೌರಮ್ಮ ಎಳೆಯ ವಯಸ್ಸಿಗೇ ಗೃಹಿಣಿಯಾಗಿ, ಒಬ್ಬ ಮಗನ ತಾಯಿಯಾಗಿ, ಕಾಫಿ ತೋಟದ ಮನೆಯಲ್ಲಿ ಕೂತು ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂಬ ಹೆಸರಿನಲ್ಲಿ ಕಥೆ ಬರೆದರು. 1939ರಲ್ಲಿ ನೀರಿನ ಸುಳಿಗೆ ಸಿಕ್ಕಿ ಹೋದಾಗ ಅವರಿಗೆ ಇಪ್ಪತ್ತೇಳು. ‘ಕಂಬನಿ’, ‘ಚಿಗುರು’ ಎಂಬ ಎರಡು ಸಂಕಲನಗಳಷ್ಟು ಕಥೆಗಳನ್ನು ಬಿಟ್ಟುಹೋದರು. 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ದಾರಿ ಬೇರೆ. ಸಂಸಾರ, ಮಕ್ಕಳು ಎಲ್ಲ ಒಂದು ಹಂತಕ್ಕೆ ಬಂದಮೇಲೆ, ನಲವತ್ತೈದು ದಾಟಿದ ವಯಸ್ಸಿನಲ್ಲಿ, ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಹೊರಬಂತು. ಅದು 1963, ತ್ರಿವೇಣಿ ಹೋದ ವರ್ಷವೇ. ಮುಂದೆ ‘ಫಣಿಯಮ್ಮ’ ಬರೆದವರು ಅವರೇ. ತ್ರಿವೇಣಿಯಾದರೋ ತಾಯಿಯಾಗುವ ಮೊದಲೇ ಇಡೀ ಜನ್ಮಕ್ಕೆ ಆಗುವಷ್ಟು ಬರೆದು ಮುಗಿಸಿದ್ದರು.

ಮಗು ಮಡಿಲಲ್ಲಿದ್ದಾಗ ಬರೆದವರು ಒಬ್ಬರು, ಮಕ್ಕಳು ದೊಡ್ಡವರಾದ ಮೇಲೆ ಬರೆದವರು ಒಬ್ಬರು, ಮಗು ಬರುವ ಮುನ್ನ ಬರೆದವರು ಒಬ್ಬರು. ಇವರಲ್ಲಿ ಯಾರೂ ಅನುಕೂಲದ ಕಾಲ ನೋಡಿ ಬರೆಯಲಿಲ್ಲ. ಸಿಕ್ಕ ಕಾಲದಲ್ಲಿ ಬರೆದರು. ಹಾಗೆಂದು ಬಾಣಂತನದಲ್ಲೇ ಎದ್ದು ಕೂತು ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ನನ್ನ ಮೊದಲ ನಲವತ್ತು ದಿನ ನಿದ್ದೆ, ಹಾಲು, ನಿದ್ದೆ ಇಷ್ಟರಲ್ಲೇ ಕಳೆಯಿತು. ಈಗ ಮಗಳು ರಾತ್ರಿ ಒಂಬತ್ತೂವರೆಗೆ ಮಲಗಿದರೆ ನನಗೆ ಒಂದು ಗಂಟೆ ಸಿಗುತ್ತದೆ. ಅದರಲ್ಲಿ ಅರ್ಧ ಗಂಟೆ ಅಮೆರಿಕದ ತಂಡದ ಜೊತೆ ಕಾಲ್ ಇರುತ್ತದೆ. ಉಳಿದ ಅರ್ಧ ಗಂಟೆ ನನ್ನದು. ಹನ್ನೊಂದು ತಿಂಗಳಲ್ಲಿ ಎರಡು ಸಣ್ಣ ಕಥೆ ಮುಗಿದಿವೆ. ಕಡಿಮೆಯೇ, ಆದರೆ ಅವು ಇವೆ.

ನಾವು ಕೆಲವು ವಿಷಯದಲ್ಲಿ ಪುಣ್ಯವಂತರು. 2017ರ ತಿದ್ದುಪಡಿಯ ನಂತರ ನಮ್ಮಂಥ ಉದ್ಯೋಗಸ್ಥ ತಾಯಂದಿರಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಇದೆ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು ಕಾನೂನು ಹೇಳುತ್ತದೆ. ಆದರೆ ಕಥೆ ಬರೆಯುವ ಕೆಲಸಕ್ಕೆ ಆಗಲೂ ರಜೆ ಇರಲಿಲ್ಲ, ಈಗಲೂ ಇಲ್ಲ. ಅದಕ್ಕೆ ಬೇಕಾದ ಹೊತ್ತನ್ನು ಮನೆಯವರೇ ಬಿಡಿಸಿ ಕೊಡಬೇಕು. ನನ್ನ ಅಮ್ಮ ಬಾಣಂತನಕ್ಕೆ ಬಂದವರು ಆರು ತಿಂಗಳು ಇದ್ದರು. ಆಮೇಲೆ ಅತ್ತೆ ಬಂದರು. ಗಂಡ ರಾತ್ರಿಯ ಒಂದು ಪಾಳಿ ವಹಿಸಿಕೊಂಡರು. ನಾನು ಹೇಗೆ ನಿಭಾಯಿಸುತ್ತೇನೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ. ನಾನೊಬ್ಬಳೇ ನಿಭಾಯಿಸುತ್ತಿಲ್ಲ.

ಕಾವೇರಿ ನಮ್ಮ ಮನೆಗೆ ಬಂದರೆ

ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಒಂದೇ ವಿಷಯ. ನಮ್ಮ ಬಳಗದಲ್ಲಿ ಪ್ರತಿ ವರ್ಷ ಎಷ್ಟೋ ಜನ ತಾಯಂದಿರಾಗುತ್ತಾರೆ. ಊರಿನಿಂದ ದೂರ ಬಂದು, ಹತ್ತನೇ ಮಹಡಿಯ ಫ್ಲ್ಯಾಟಿನಲ್ಲಿ, ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲದ ಕಡೆ ಮಗು ಸಾಕುತ್ತಾರೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ. ಸಾಮಾನ್ಯವಾಗಿ ಎರಡು ವಾರದಲ್ಲಿ ಅದು ತಾನಾಗಿ ಹೋಗುತ್ತದೆ. ಅದು ಹೋಗದೆ ವಾರಗಟ್ಟಲೆ ಉಳಿದರೆ, ಯಾವುದರಲ್ಲೂ ಆಸಕ್ತಿಯಿಲ್ಲ, ತಾನು ಕೆಟ್ಟ ತಾಯಿ ಎನಿಸುತ್ತಿದೆ ಎಂದರೆ ಅದು ಖಿನ್ನತೆ ಇರಬಹುದು, ವೈದ್ಯರಿಗೆ ತೋರಿಸಬೇಕು. ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ತೀವ್ರ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಂದೋ ಎರಡೋ ಕಡೆ ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ. ಆಗ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸರಿಯಾದ ಚಿಕಿತ್ಸೆ ಸಿಕ್ಕರೆ ಗುಣವಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇಂಥ ತಾಯಂದಿರಿಗಾಗಿಯೇ ಒಂದು ವಿಭಾಗವಿದೆ. ತಾಯಿಯನ್ನೂ ಮಗುವನ್ನೂ ಬೇರೆ ಮಾಡದೆ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುತ್ತಾರೆ. ಆಸ್ಪತ್ರೆಯಿಂದ ಬಂದ ಕಾವೇರಿಗೆ ತಾನು ತಾಯಿ ಎಂಬ ನಂಬಿಕೆಯನ್ನೇ ಯಾರೂ ಉಳಿಸಲಿಲ್ಲ. ಈ ವಿಭಾಗದ ಬಗ್ಗೆ ಓದಿದಾಗ ನನಗೆ ಮೊದಲು ನೆನಪಾದದ್ದು ಅವಳೇ. ಇನ್ನು ಫೋನಿನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಇದೆ. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು, ಹಣ ಕೊಡಬೇಕಿಲ್ಲ. ಈ ಸಂಖ್ಯೆಯನ್ನು ದಯವಿಟ್ಟು ಫೋನಿನಲ್ಲಿ ಉಳಿಸಿಕೊಳ್ಳಿ.

ಆದರೆ ಚಿಕಿತ್ಸೆ ಅರ್ಧ ಕೆಲಸ ಮಾತ್ರ ಎಂದು ತ್ರಿವೇಣಿ ಅಷ್ಟು ಹಿಂದೆಯೇ ಬರೆದು ತೋರಿಸಿದ್ದರು. ಉಳಿದರ್ಧ ಮನೆಯವರದು, ನೆರೆಯವರದು, ಗೆಳತಿಯರದು. ಗುಣವಾಗಿ ಬಂದವಳ ಕೈಗೆ ಮಗುವನ್ನು ಕೊಡಬೇಕು. ಅವಳ ಸಿಟ್ಟನ್ನು ಎಲ್ಲರ ಸಿಟ್ಟಿನಂತೆಯೇ ಕಾಣಬೇಕು. ಅವಳು ನಕ್ಕರೆ ನಾವೂ ನಗಬೇಕು. ಬೆನ್ನ ಹಿಂದೆ ಮಾತಾಡದೆ ಎದುರು ಕೂತು ಊಟ ಮಾಡಿದೆಯಾ ಎಂದು ಕೇಳಬೇಕು. ಇದಕ್ಕೆ ಮನಃಶಾಸ್ತ್ರದ ಪದವಿ ಬೇಕಿಲ್ಲ. ನಮ್ಮ ವೇದಿಕೆಯಂಥ ಬಳಗಗಳು ಹಬ್ಬದ ಕಾರ್ಯಕ್ರಮಗಳ ಆಚೆ ಮಾಡಬಹುದಾದ ಕೆಲಸ ಇದು ಎಂದು ನನ್ನ ಅನಿಸಿಕೆ.

2028ರ ಸೆಪ್ಟೆಂಬರ್ 1ಕ್ಕೆ ತ್ರಿವೇಣಿ ಹುಟ್ಟಿ ನೂರು ವರ್ಷ ತುಂಬುತ್ತದೆ. ಅಷ್ಟರೊಳಗೆ ನಾವೆಲ್ಲ ಸೇರಿ ಅವರ ಕಾದಂಬರಿಗಳನ್ನು ತಿಂಗಳಿಗೊಂದರಂತೆ ಓದಬಹುದಲ್ಲವೇ? ಸಿನಿಮಾ ನೋಡಿದವರೂ ಪುಸ್ತಕ ಓದಿ, ಹೊಸದೇ ಅನಿಸುತ್ತದೆ. ಮೊದಲು ‘ಶರಪಂಜರ’ದಿಂದಲೇ ಶುರುಮಾಡೋಣ. ನನ್ನ ಹತ್ತಿರ ಒಂದು ಪ್ರತಿ ಇದೆ, ಕೇಳಿದವರಿಗೆ ಕೊಡುತ್ತೇನೆ. ಅಂಚುಗಳನ್ನು ಮಗಳು ಸ್ವಲ್ಪ ಕಚ್ಚಿದ್ದಾಳೆ, ಓದಲು ತೊಂದರೆಯಿಲ್ಲ.